ಜೀವನಾನುಕರಣದ ಆಟಗಳಲ್ಲಿ ದಾಖಲೆಯ ವಿಕಾರವೂ ಅದರ ಪರಿಹಾರವೂ

ಗಣಕಯಂತ್ರದ ಆಟಗಳಲ್ಲಿ ಜೀವನಾನುಕರಣದ ಆಟಗಳದು ಒಂದು ಪ್ರತ್ಯೇಕ ವರ್ಗ. ಇವುಗಳಲ್ಲಿ ಗೆಲುವು ಸೋಲುಗಳಿಗಿಂತ ಬಾಳಿನ ನಡವಳಿಕೆಯೇ ಮುಖ್ಯ. ಆಟಗಾರನು ಕಲ್ಪಿತ ವ್ಯಕ್ತಿಗಳಿಗೆ ಮನೆ ಕಟ್ಟಿಕೊಡುತ್ತಾನೆ. ಅವರ ಉದ್ಯೋಗ, ಸ್ನೇಹ, ವಿವಾಹ, ಸಂತಾನಗಳನ್ನು ನಡೆಸುತ್ತಾನೆ. ವಿಲ್ ರೈಟ್ ಅವರು ರೂಪಿಸಿ 2000ದಲ್ಲಿ ಹೊರಬಂದ ‘ದಿ ಸಿಮ್ಸ್’ ಈ ವರ್ಗವನ್ನು ಲೋಕಪ್ರಸಿದ್ಧಗೊಳಿಸಿತು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆದ ಪರಿಶ್ರಮವೆಲ್ಲ ಕೊನೆಗೆ ‘ಸೇವ್’ ಎಂದು ಕರೆಯುವ ದಾಖಲೆಯಲ್ಲಿ ಅಡಗಿರುತ್ತದೆ. ಅದು ಕೆಟ್ಟರೆ ಒಂದು ವಂಶದ ಚರಿತ್ರೆಯೇ ಅಳಿದಂತೆ. ಇಂತಹ ದಾಖಲೆ ಕೆಡುವುದು ಹೇಗೆ, ಕೆಟ್ಟಾಗ ಮಾಡತಕ್ಕದ್ದೇನು ಎಂಬುದನ್ನು ಮೂರು ಆಟಗಳ ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ.

ವಿಕಾರವು ಎರಡು ಬಗೆ. ಮೊದಲನೆಯದು ಬರವಣಿಗೆಯ ಭಂಗ. ಕಡತವನ್ನು ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ, ಆಟ ನಡುವೆ ನಿಂತರೆ, ಇಲ್ಲವೆ ಡಿಸ್ಕಿನಲ್ಲಿ ಸ್ಥಳ ಸಾಲದೆ ಹೋದರೆ, ಅರೆಬರೆಯಾದ ಕಡತ ಉಳಿಯುತ್ತದೆ. ಇಂಥದನ್ನು ಸಾಮಾನ್ಯವಾಗಿ ಆಟವು ತೆರೆಯಲಾರದಾದುದರಿಂದ ದೋಷವು ಕೂಡಲೇ ಗೊತ್ತಾಗುತ್ತದೆ. ಎರಡನೆಯದು ಸಂಬಂಧದ ಭಂಗ. ಇಲ್ಲಿ ಕಡತವು ಪೂರ್ಣವಾಗಿಯೇ ಇರುತ್ತದೆ, ತೆರೆದುಕೊಳ್ಳುತ್ತದೆ. ಆದರೆ ಒಳಗಿನ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಎರಡನೆಯದೇ ಹೆಚ್ಚು ಅಪಾಯಕರವೆಂದು ನಾವು ಭಾವಿಸುತ್ತೇವೆ. ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲನೆಯ ಬಗೆಗೆ, ಎರಿಕ್ ಬರೋನ್ ಅವರು ರಚಿಸಿ 2016ರಲ್ಲಿ ಹೊರಬಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ನೋಡಬಹುದು. ಇದರ ಗಣಕದ ಆವೃತ್ತಿಯಲ್ಲಿ, ಆಟದೊಳಗಿನ ರೈತನು ರಾತ್ರಿ ಮಲಗಿದಾಗ ಆ ದಿನದ ದಾಖಲೆಯಾಗುತ್ತದೆ. ದಾಖಲೆಯಲ್ಲಿ ಎರಡು ಕಡತಗಳು: ರೈತನ ಹೆಸರನ್ನೂ ಒಂದು ಸಂಖ್ಯೆಯನ್ನೂ ಹೊತ್ತ ಮುಖ್ಯ ಕಡತ ಒಂದು; ‘ಸೇವ್‌ಗೇಮ್‌ಇನ್ಫೊ’ ಎಂಬ ಸಂಕ್ಷೇಪ ಇನ್ನೊಂದು. ಹಿಂದಿನ ದಿನದ ಕಡತಗಳು ‘ಓಲ್ಡ್’ ಎಂಬ ಬಾಲವನ್ನು ಪಡೆದು ಪಕ್ಕದಲ್ಲಿಯೇ ಉಳಿದಿರುತ್ತವೆ. ಹೊಸವು ಕೆಟ್ಟಾಗ ಅವೆರಡನ್ನೂ ಬೇರೆಡೆಗೆ ಸಾಗಿಸಿ, ಹಳೆಯವೆರಡರ ಬಾಲವನ್ನು ತೆಗೆದರಾಯಿತು. ಆಟದ ಒಂದು ದಿನ ಮಾತ್ರ ನಷ್ಟ.

ಎರಡನೆಯ ಬಗೆಗೆ 2004ರ ‘ದಿ ಸಿಮ್ಸ್ 2’ ಉತ್ತಮ ನಿದರ್ಶನ. ಇದರಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಪ್ರತ್ಯೇಕ ಕಡತವಿದ್ದರೂ, ಅವನ ನೆಂಟಸ್ತಿಕೆ, ಸ್ನೇಹ, ನೆನಪುಗಳು ಊರಿನ ಇತರರ ವಿವರಗಳೊಡನೆ ಹೆಣೆದುಕೊಂಡಿರುತ್ತವೆ. ಬೇಡದ ವ್ಯಕ್ತಿಯ ಕಡತವನ್ನು ಕೈಯಾರೆ ಅಳಿಸಿದರೆ ಅಥವಾ ಮೃತನ ಸಮಾಧಿಯನ್ನು ತೆಗೆದುಹಾಕಿದರೆ, ವ್ಯಕ್ತಿ ಹೋಗುತ್ತಾನೆ; ಅವನನ್ನು ನಿರ್ದೇಶಿಸುವ ಸೂಚಿಗಳು ಉಳಿಯುತ್ತವೆ. ಆ ಸೂಚಿಗಳು ಈಗ ತೋರಿಸುವುದು ಬಯಲನ್ನು. ಅಂದಿನ ಮಟ್ಟಿಗೆ ಏನೂ ಆಗದಿರಬಹುದು. ಮುಂದೆ ಎಂದೋ, ಬೇರೊಂದು ಮನೆಯಲ್ಲಿ, ಯಾರೋ ಆ ಮೃತನನ್ನು ನೆನೆಯುವ ಹೊತ್ತಿಗೆ ಆಟ ಮುಗ್ಗರಿಸುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ಅಂತರವಿರುವುದೇ ಈ ದೋಷದ ವಿಶೇಷ.

ಈ ಅಂತರದ ಪರಿಣಾಮವನ್ನು ‘ದಿ ಸಿಮ್ಸ್ 4’ರಲ್ಲಿ (2014) ಲೆಕ್ಕಹಾಕಿಯೇ ತೋರಿಸಬಹುದು. ಈ ಆಟವು ಈಗಿನ ದಾಖಲೆಯ ಜೊತೆಗೆ ಹಿಂದಿನ ಐದು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. ‘ವರ್0’ ಎಂಬ ಗುರುತಿನದು ಇವುಗಳಲ್ಲಿ ಹೊಸದು, ‘ವರ್4’ ಎಲ್ಲಕ್ಕಿಂತ ಹಳೆಯದು. ಪ್ರತಿ ಸಲ ಸೇವ್ ಮಾಡಿದಾಗಲೂ ಒಂದೊಂದು ಪ್ರತಿ ಹಿಂದಕ್ಕೆ ಸರಿದು, ಕಡೆಯದು ಬಿದ್ದುಹೋಗುತ್ತದೆ. ಆದುದರಿಂದ ದೋಷ ಹೊಕ್ಕ ಮೇಲೆ ಅದೇ ಹೆಸರಿನಲ್ಲಿ ಆರು ಸಲ ಸೇವ್ ಮಾಡಿದರೆ, ಆರು ಪ್ರತಿಗಳೂ ದೋಷಯುಕ್ತವೇ ಆಗುತ್ತವೆ. ಪ್ರತಿಗಳ ಸಂಖ್ಯೆ ಕುಂದಿಲ್ಲ, ಶುದ್ಧಪ್ರತಿ ಮಾತ್ರ ಒಂದೂ ಇಲ್ಲ. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಸ್ಥಿತಿ ಹೊಸದಲ್ಲ: ದುಷ್ಟವಾದ ಒಂದೇ ಮಾತೃಕೆಯಿಂದ ಇಳಿದ ಓಲೆಪ್ರತಿಗಳು ಎಷ್ಟಿದ್ದರೂ ಅವು ಒಂದೇ ಸಾಕ್ಷ್ಯ.

ಹೀಗಿರುವಲ್ಲಿ ಪರಿಹಾರದ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಶಂಕೆ ಹುಟ್ಟಿದೊಡನೆ ಸೇವ್ ಮಾಡುವುದನ್ನು ನಿಲ್ಲಿಸತಕ್ಕದ್ದು. ಎರಡನೆಯದಾಗಿ, ‘ಡಾಕ್ಯುಮೆಂಟ್ಸ್’ನಲ್ಲಿ ‘ಎಲೆಕ್ಟ್ರಾನಿಕ್ ಆರ್ಟ್ಸ್’, ಅದರೊಳಗೆ ‘ದಿ ಸಿಮ್ಸ್ 4’, ಅದರೊಳಗಿನ ‘ಸೇವ್ಸ್’ ಎಂಬ ಫೋಲ್ಡರನ್ನು ಇಡಿಯಾಗಿ ಬೇರೊಂದು ಕಡೆ ನಕಲು ಮಾಡಿಡತಕ್ಕದ್ದು. ಮೂರನೆಯದಾಗಿ, ದೋಷವಿರುವುದು ದಾಖಲೆಯಲ್ಲಿಯೋ ಹೊರಗೋ ಎಂದು ಪರೀಕ್ಷಿಸತಕ್ಕದ್ದು. ಆಟಗಾರರೇ ರಚಿಸಿ ಸೇರಿಸುವ ಮಾರ್ಪಾಡುಗಳು ‘ಮಾಡ್ಸ್’ ಎಂಬ ಫೋಲ್ಡರಿನಲ್ಲಿರುತ್ತವೆ. ಅದನ್ನು ಹೊರಗೆ ಸಾಗಿಸಿ ಹೊಸದೊಂದು ಆಟವನ್ನು ಆರಂಭಿಸಬೇಕು. ಹೊಸ ಆಟದಲ್ಲಿಯೂ ಅದೇ ತೊಡಕು ಕಂಡರೆ ದಾಖಲೆ ಬಹುಶಃ ನಿರ್ದೋಷಿ. ಹೊಸ ಆಟ ಸರಿಯಾಗಿ ನಡೆದು ಹಳೆಯ ದಾಖಲೆಯೊಂದೇ ತೊಡಕಿದರೆ, ಆಗ ಹಿಂದಿನ ಪ್ರತಿಗಳನ್ನು ಹೊಸದರಿಂದ ಹಳೆಯದರ ಕಡೆಗೆ ಒಂದೊಂದಾಗಿ ನೋಡುತ್ತ ಹೋಗಬೇಕು. ಇದಕ್ಕೆ ಆಟದಲ್ಲಿಯೇ ‘ರಿಕವರ್ ಸೇವ್’ ಎಂಬ ಸೌಕರ್ಯವಿದೆ. ಶುದ್ಧವೆಂದು ಕಂಡ ಪ್ರತಿಯನ್ನು ಹೊಸ ಹೆಸರಿನಲ್ಲಿ ಉಳಿಸುವುದು ಕ್ಷೇಮ.

ಹಳೆಯ ಪ್ರತಿಗೆ ಹಿಂದಿರುಗಿದರೆ ಇತ್ತೀಚಿನ ಘಟನೆಗಳೆಲ್ಲ ಹೋಗುವುವಲ್ಲ ಎಂದು ಆಕ್ಷೇಪಿಸಬಹುದು. ಅದು ನಿಜ. ಕೆಟ್ಟ ದಾಖಲೆ ಇನ್ನೂ ತೆರೆಯುವಂತಿದ್ದರೆ, ಒಂದು ಸಂಸಾರವನ್ನೂ ಅದರ ಮನೆಯನ್ನೂ ಆಟದ ‘ಲೈಬ್ರರಿ’ಗೆ ಸೇರಿಸಿ, ಹೊಸ ದಾಖಲೆಯಲ್ಲಿ ನೆಲೆಗೊಳಿಸಬಹುದು. ರೂಪವೂ ಕಲಿತ ವಿದ್ಯೆಗಳೂ ಸಂಸಾರದೊಳಗಿನ ಬಾಂಧವ್ಯಗಳೂ ಉಳಿಯುತ್ತವೆ. ಹೊರಗಿನವರೊಡನೆ ಬೆಳೆದ ಸ್ನೇಹ ಉಳಿಯುವುದಿಲ್ಲ. ಊರನ್ನು ಬಿಟ್ಟು ಬಂದ ಕುಟುಂಬದ ಸ್ಥಿತಿ ಅದರದು. ಇತ್ತೀಚಿನದನ್ನು ಕಳೆದುಕೊಳ್ಳುವುದೋ, ನೆರೆಹೊರೆಯನ್ನು ಕಳೆದುಕೊಳ್ಳುವುದೋ ಎಂಬುದನ್ನು ಆಟಗಾರನೇ ನಿರ್ಣಯಿಸಬೇಕು.

ಕೊನೆಯದಾಗಿ ಒಂದು ಮಾತು. ಫೋಲ್ಡರನ್ನು ಅಂತರ್ಜಾಲದ ಸಂಗ್ರಹದೊಡನೆ ಸದಾ ಸಮಗೊಳಿಸುವ ಏರ್ಪಾಡನ್ನು ಹಲವರು ರಕ್ಷಣೆಯೆಂದು ನಂಬುತ್ತಾರೆ. ಹಿಂದಿನ ಆವೃತ್ತಿಗಳನ್ನು ಉಳಿಸದ ಏರ್ಪಾಡು ಕನ್ನಡಿಯಿದ್ದಂತೆ. ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ದಿನಾಂಕವನ್ನು ಹೊತ್ತು, ಆಟದ ಕೈಗೆ ಸಿಕ್ಕದೆ, ಬೇರೆಡೆಯಲ್ಲಿರುವ ಪ್ರತಿಯೇ ನಿಜವಾದ ರಕ್ಷಣೆ. ದಾಖಲೆ ತೆರೆಯಿತೆಂಬುದು ಅದು ಶುದ್ಧವೆಂಬುದಕ್ಕೆ ಪ್ರಮಾಣವಲ್ಲ. ಈ ಮಾತು ಆಟಕ್ಕೆ ಎಷ್ಟು ಸಲ್ಲುತ್ತದೆಯೋ, ವಿದ್ಯಾರ್ಥಿಗಳು ಗಣಕದಲ್ಲಿ ವರ್ಷಗಟ್ಟಲೆ ಕೂಡಿಡುವ ಸಂಶೋಧನೆಯ ಸಾಮಗ್ರಿಗೂ ಅಷ್ಟೇ ಸಲ್ಲುತ್ತದೆ.