ರೋಕ್ ಶಿಲೆ: ಮಗನ ನೆನಪಿಗೆ 760 ಅಕ್ಷರ

ಸ್ವೀಡನ್ನಿನ ವೆಟ್ಟರ್ನ್ ಸರೋವರದ ಪೂರ್ವಕ್ಕಿರುವ ರೋಕ್ ಎಂಬ ಊರಿನ ಚರ್ಚಿನ ಪಕ್ಕದಲ್ಲಿ ಒಂದು ಗ್ರಾನೈಟ್ ಬಂಡೆ ನಿಂತಿದೆ. ವೈಕಿಂಗ್ ಯುಗ ಆಗಷ್ಟೇ ಶುರುವಾಗುತ್ತಿದ್ದ ಕ್ರಿ.ಶ. 800ರ ಆಸುಪಾಸಿನಲ್ಲಿ ವರಿನ್ ಎಂಬಾತ ತೀರಿಹೋದ ಮಗ ವೇಮೋದನ ನೆನಪಿಗೆ ಇದನ್ನು ನಿಲ್ಲಿಸಿದ. ಎದುರು, ಬೆನ್ನು, ಎರಡು ಪಕ್ಕ, ಕೊನೆಗೆ ನೆತ್ತಿಯನ್ನೂ ಬಿಡದೆ ಐದು ಮುಖಗಳಲ್ಲಿ ಪ್ರಾಚೀನ ಜರ್ಮಾನಿಕ್ ಜನರ ಲಿಪಿಯಾದ ರೂನ್‌ನ ಸುಮಾರು 760 ಅಕ್ಷರಗಳಿವೆ. ಕಲ್ಲಿನ ಮೇಲೆ ಇದಕ್ಕಿಂತ ಉದ್ದನೆಯ ರೂನ್ ಬರಹ ಸಿಕ್ಕಿಲ್ಲ.

ಕ್ರೈಸ್ತ ಧರ್ಮ ಬಂದ ಮೇಲೆ ಈ ಶಿಲೆ ಚರ್ಚಿನ ಉಗ್ರಾಣದ ಗೋಡೆ ಸೇರಿತು. ಹೊರಗೆ ಕಾಣುತ್ತಿದ್ದ ಮುಖವನ್ನು 17ನೆಯ ಶತಮಾನದಲ್ಲಿ ವಿದ್ವಾಂಸ ಯೋಹಾನೆಸ್ ಬುರೇಯುಸ್ ಚಿತ್ರಿಸಿಕೊಂಡ. 1843ರಲ್ಲಿ ಉಗ್ರಾಣ ಕೆಡವಿದಾಗ ಉಳಿದ ಮುಖಗಳೂ ಬೆಳಕಿಗೆ ಬಂದವು. ಆದರೂ ಕಲ್ಲನ್ನು ಮತ್ತೆ ಚರ್ಚಿನ ಗೋಡೆಗೇ ಸೇರಿಸಿದರು. ಅದು ಬಿಡುಗಡೆಯಾದದ್ದು 1862ರಲ್ಲಿ.

ಓದುವುದು ಸುಲಭವಾಗಿರಲಿಲ್ಲ. ಹದಿನಾರು ಅಕ್ಷರಗಳ ಹೊಸ ರೂನ್ ಲಿಪಿಯ ನಡುವೆ ಇಪ್ಪತ್ತನಾಲ್ಕು ಅಕ್ಷರಗಳ ಹಳೆಯ ಲಿಪಿಯೂ ಗೂಢಲಿಪಿಗಳೂ ಸೇರಿಕೊಂಡಿವೆ. ಪದಗಳ ನಡುವೆ ಜಾಗವಿಲ್ಲ. ಎಲ್ಲಿ ಪದ ಬಿಡಿಸಬೇಕೆಂಬುದೇ ವಿವಾದ. ನಾರ್ವೆಯ ವಿದ್ವಾಂಸ ಸೋಫಸ್ ಬುಗ್ಗೆ 1878ರಲ್ಲಿ ಪ್ರಕಟಿಸಿದ ಓದು ಮುಂದಿನ ಅಧ್ಯಯನಕ್ಕೆ ತಳಹದಿಯಾಯಿತು. 526ರಲ್ಲಿ ತೀರಿಕೊಂಡ ಗೋಥರ ದೊರೆ ಥಿಯೋಡೊರಿಕ್‌ನ ಹೆಸರು ಇದರಲ್ಲಿದೆ, ಇದು ವೀರರ ಸಾಹಸಗಳ ಸ್ಮರಣೆ ಎಂಬ ನಂಬಿಕೆ ಬಹುಕಾಲ ಉಳಿಯಿತು.

2020ರಲ್ಲಿ ಸಂಶೋಧಕ ಪೆರ್ ಹೋಲ್ಮ್‌ಬರ್ಗ್ ಮತ್ತು ಮೂವರು ಸಂಗಡಿಗರು ಬೇರೆಯೇ ಅರ್ಥ ಮುಂದಿಟ್ಟರು. ಅವರ ಪ್ರಕಾರ ಅಲ್ಲಿ ದೊರೆಯ ಹೆಸರಿಲ್ಲ. ಇರುವುದು ಬೆಳಕು ಕತ್ತಲೆಗಳ ಸಂಘರ್ಷ ಕುರಿತ ಒಗಟುಗಳು. ಶಿಲೆಯಲ್ಲಿರುವ ‘ಒಂಬತ್ತು ತಲೆಮಾರಿನ ಹಿಂದೆ’ ಎಂಬ ಮಾತು ಅವರನ್ನು 536ರತ್ತ ಒಯ್ದಿತು. ಆ ವರ್ಷದಿಂದ ಜ್ವಾಲಾಮುಖಿ ಸ್ಫೋಟಗಳು ಸೂರ್ಯನನ್ನು ಮಂಕಾಗಿಸಿ, ಬೇಸಿಗೆಗಳು ತಣ್ಣಗಾಗಿ, ಬೆಳೆ ಕೈಕೊಟ್ಟು ಸ್ಕ್ಯಾಂಡಿನೇವಿಯ ತತ್ತರಿಸಿತ್ತು. 775ರ ಪ್ರಬಲ ಸೌರಸ್ಫೋಟ ಮತ್ತು 810ರ ಸೂರ್ಯಗ್ರಹಣ ಆ ಹಳೆಯ ಭಯವನ್ನು ಮತ್ತೆ ಕೆದಕಿರಬಹುದು ಎಂಬುದು ಅವರ ತರ್ಕ.

ಈ ಓದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಅದರಲ್ಲಿ ತೂಕವಿದೆ: ಅಪ್ಪನ ದುಃಖಕ್ಕೂ ದೂರದ ದೊರೆಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಹಿಂದಿನ ಓದಿನಲ್ಲಿ ಸಮಾಧಾನಕರ ಉತ್ತರವಿರಲಿಲ್ಲ. ಸೂರ್ಯನನ್ನು ಉಳಿಸುವ ಕೊನೆಯ ಕಾಳಗಕ್ಕೆ ಸತ್ತ ವೀರರನ್ನು ಓಡಿನ್ ದೇವರು ಸೇರಿಸಿಕೊಳ್ಳುತ್ತಾನೆಂದು ನಂಬಿದ್ದ ಸಮಾಜದಲ್ಲಿ, ವೇಮೋದನ ಸಾವಿಗೂ ಒಂದು ಪಾತ್ರ ಸಿಗುತ್ತದೆ.