ಔಷಧವನ್ನು ನೆನಪಿಸುವ ಕಿರುಸಂದೇಶ

ಜ್ವರವು ಬಂದರೆ ಕೆಲವು ದಿನಗಳಲ್ಲಿ ಇಳಿಯುವುದು. ಗಾಯವಾದರೆ ಕೆಲವು ವಾರಗಳಲ್ಲಿ ಮಾಯುವುದು. ಮಧುಮೇಹ, ರಕ್ತದೊತ್ತಡ ಮೊದಲಾದ ದೀರ್ಘಕಾಲದ ವ್ಯಾಧಿಗಳಾದರೋ ಹಾಗಲ್ಲ. ಅವು ಬಹುಮಟ್ಟಿಗೆ ಜೀವಮಾನವಿಡೀ ಜತೆಗಿರುವಂಥವು. ವೈದ್ಯರು ರೋಗಿಯನ್ನು ಕಾಣುವುದು ತಿಂಗಳಿಗೆ ಕೆಲವು ನಿಮಿಷ ಮಾತ್ರ. ಉಳಿದ ದಿನಗಳ ಪಥ್ಯ, ನಡಿಗೆ, ಗುಳಿಗೆಗಳೆಲ್ಲ ರೋಗಿಯ ಹೊಣೆ. ನೋವಿಲ್ಲವೆಂದು ಗುಳಿಗೆಯನ್ನು ನಿಲ್ಲಿಸಿದವರಲ್ಲಿ ವ್ಯಾಧಿಯು ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುತ್ತದೆ. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿತೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಆದುದರಿಂದ ಮರೆವನ್ನು ನೀಗುವ ಉಪಾಯವೊಂದು ಅತ್ಯಗತ್ಯ.

ಮೊಬೈಲಿನ ಕಿರುಸಂದೇಶವು ಅಂಥದೊಂದು ಉಪಾಯ. 1992ರ ದಶಂಬರ 3ರಂದು ಇಂಗ್ಲೆಂಡಿನಲ್ಲಿ ಮೊತ್ತಮೊದಲ ಕಿರುಸಂದೇಶವು ಹೊರಟಿತು. ಇದಕ್ಕೆ ಅಂತರ್ಜಾಲ ಬೇಡ. ಅತಿ ಸಾಧಾರಣ ಫೋನೂ ಸಾಕು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಅಂಚಿನಲ್ಲಿದ್ದ 537 ಮಂದಿ ಪುರುಷರನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡಕ್ಕೆ ಆಹಾರ ವ್ಯಾಯಾಮಗಳ ಕುರಿತು ಸಂದೇಶಗಳನ್ನು ಕಳುಹಿಸುತ್ತ ಬಂದರು. ಎರಡು ವರ್ಷಗಳಲ್ಲಿ ಸಂದೇಶ ಪಡೆಯದವರ ಪೈಕಿ ನೂರಕ್ಕೆ 27 ಮಂದಿಗೆ ಮಧುಮೇಹವು ಅಂಟಿಕೊಂಡರೆ, ಪಡೆದವರಲ್ಲಿ 18 ಮಂದಿಗೆ ಮಾತ್ರ. ಈ ಫಲಿತಾಂಶವು 2013ರಲ್ಲಿ ಪ್ರಕಟವಾಯಿತು.

ಹಾಗೆಂದು ಸಂದೇಶವೇ ಮದ್ದೆಂದು ಭ್ರಮಿಸಲಾಗದು. ಆಫ್ರಿಕದ ಕೀನ್ಯ ದೇಶದಲ್ಲಿ ಎಚ್.ಐ.ವಿ. ಪೀಡಿತರಿಗೆ ವಾರಕ್ಕೊಮ್ಮೆ 'ಹೇಗಿದ್ದೀರಿ?' ಎಂದಷ್ಟೇ ಕೇಳಲಾಯಿತು. 'ತೊಂದರೆಯಿದೆ' ಎಂದವರನ್ನೂ ಉತ್ತರಿಸದವರನ್ನೂ ದಾದಿಯರು ಕರೆದು ವಿಚಾರಿಸಿದರು. 2010ರ ವರದಿಯಂತೆ ಔಷಧವನ್ನು ಕ್ರಮವಾಗಿ ಸೇವಿಸಿದವರು ಈ ತಂಡದಲ್ಲಿ ನೂರಕ್ಕೆ 62, ಇನ್ನೊಂದರಲ್ಲಿ 50. ಬೆಂಗಳೂರಿನ ಸೈಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ 631 ಮಂದಿ ರೋಗಿಗಳಲ್ಲಿ ಯಂತ್ರದ ಕರೆ ಹಾಗೂ ಚಿತ್ರಸಂದೇಶಗಳನ್ನು ಪರೀಕ್ಷಿಸಿದಾಗಲಾದರೋ ಗಣನೀಯ ಪ್ರಯೋಜನವು ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಎರಡೂ ದೇಶಗಳ ಸ್ಥಿತಿಗತಿಗಳು ಬೇರೆಬೇರೆ, ನಿಜ. ಆದರೂ ಅಧ್ಯಾಪಕರಾದ ನಮಗೆ ಇದರಲ್ಲಿ ಪರಿಚಿತವಾದ ನೀತಿಯೊಂದು ತೋರುತ್ತದೆ: ಮನೆಪಾಠವನ್ನು ಕೊಟ್ಟರೆ ಸಾಲದು, ಅದನ್ನು ನೋಡುವವರೂ ಇರಬೇಕು.

ಇನ್ನು ಭಾಷೆಯ ವಿಚಾರ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲೂ ಅನಂತರವೂ ಕನ್ನಡ ಶಾಲೆಗಳಲ್ಲಿಯೇ ಓದಿದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಬಂದ ಸಂದೇಶವು ಬರಿಯ ಸದ್ದಾಗಬಹುದು. ಒಂದು ಸಂದೇಶದಲ್ಲಿ 160 ಇಂಗ್ಲಿಷ್ ಅಕ್ಷರಗಳು ಹಿಡಿಯುವವು. ಕನ್ನಡಕ್ಕೆ ದೊರೆಯುವ ಸ್ಥಳಗಳು 70 ಮಾತ್ರ. ಸ್ವರಚಿಹ್ನೆಗೂ ಒತ್ತಕ್ಷರಕ್ಕೂ ಪ್ರತ್ಯೇಕ ಸ್ಥಳ ಬೇಕಾಗುವುದರಿಂದ ಕಣ್ಣಿಗೆ ಎರಡೇ ಅಕ್ಷರವಾದ 'ಅಜ್ಜಿ' ಐದು ಸ್ಥಳಗಳನ್ನು ಹಿಡಿಯುತ್ತದೆ. ಆದರೂ 'ಬೆಳಗ್ಗಿನ ಗುಳಿಗೆ ತೆಗೆದುಕೊಂಡಿರಾ? ಗುರುವಾರ ಆಸ್ಪತ್ರೆಗೆ ಬನ್ನಿ.' ಎಂಬುದು 56ರಲ್ಲಿ ಮುಗಿಯುವುದು. ಹೇಳಬೇಕಾದುದನ್ನು ಕನ್ನಡದಲ್ಲಿಯೇ ಹೇಳಲು ಅಡ್ಡಿಯೇನೂ ಇಲ್ಲ. ರೋಗದ ಹೆಸರನ್ನು ಮಾತ್ರ ಬರೆಯದಿರುವುದು ಲೇಸು. ಫೋನು ಯಾರ ಕೈಯಲ್ಲಿರುವುದೋ ಬಲ್ಲವರಾರು?

ವಿದ್ಯಾರ್ಥಿಗಳೇ, ಹಲವು ಮನೆಗಳಲ್ಲಿ ಆ ಫೋನು ನಿಮ್ಮ ಕೈಯಲ್ಲಿಯೇ ಇರುವುದು. ಆಸ್ಪತ್ರೆಯಿಂದ ಬಂದ ಸಂದೇಶವನ್ನು ಅಳಿಸದೆ ಅಜ್ಜನಿಗೆ ಓದಿ ಹೇಳಿರಿ. ಬೇಕಾದರೆ ತುಳುವಿನಲ್ಲಿಯೋ ಮನೆಮಾತಿನಲ್ಲಿಯೋ ವಿವರಿಸಿರಿ. ಗುಳಿಗೆಯನ್ನು ನುಂಗಿದರೇ ಎಂದು ನೋಡಿರಿ. ಔಷಧದ ಪ್ರಮಾಣವನ್ನು ಬದಲಿಸುವ ಅಧಿಕಾರ ವೈದ್ಯರಿಗೆ ಮಾತ್ರ. ಮಧುಮೇಹಿಗಳು ಒಮ್ಮೆಲೇ ಬೆವರಿ ನಡುಗಿದರೆ ಸಂದೇಶಕ್ಕಾಗಿ ಕಾಯದೆ, ಎಚ್ಚರವಿರುವಾಗಲೇ ಸಕ್ಕರೆ ನೀರನ್ನು ಕುಡಿಸಿ ಹಿರಿಯರನ್ನು ಕರೆಯಿರಿ. ಹೆತ್ತವರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸಂದೇಶವನ್ನು ಕನ್ನಡದಲ್ಲಿ ಕಳುಹಿಸುವಂತೆ ಕೇಳಲಿ. ನೀವು ಶಾಲೆಯಲ್ಲಿ ಕಲಿತ ಓದು ಮನೆಯ ಹಿರಿಯರ ಆಯುಷ್ಯಕ್ಕೆ ಒದಗುವುದಾದರೆ ನಮಗೆ ಅದಕ್ಕಿಂತ ಮಿಗಿಲಾದ ಸಂತೋಷವಿಲ್ಲ.