ಹೋತ ಆರಿಸುವಾಗ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಸಂತೆ ಕುರಿ, ಮೇಕೆಗಳಿಗೆ ಹೆಸರುವಾಸಿ. ಅಲ್ಲಿ ಕೊಳ್ಳುವವರ ಕಣ್ಣು ಮೊದಲು ಮೈತೂಕದ ಮೇಲೆ. ಹಾಗಾಗಿ ಸಾಕುವವರಿಗೂ ಪಂಜಾಬಿನ ಬೀಟಲ್, ದಕ್ಷಿಣ ಆಫ್ರಿಕಾದ ಬೋಯರ್‌ನಂತಹ ಭಾರಿ ಹೋತ ತರುವ ಆಸೆ. ಈಯುವ ಕಷ್ಟ ಮಾತ್ರ ನಾಟಿ ಮೇಕೆಯದು. ಸಣ್ಣ ಮೈಯ ಮೇಕೆಗೆ ಭಾರಿ ಹೋತ ಬಿಟ್ಟರೆ ಮರಿ ಹೊಟ್ಟೆಯಲ್ಲೇ ದೊಡ್ಡದಾಗಿ, ಹೊರಬರುವಾಗ ಸಿಕ್ಕಿಕೊಳ್ಳಬಹುದು. ಚೊಚ್ಚಲಾದರೆ ಅಪಾಯ ಇನ್ನೂ ಹೆಚ್ಚು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಹೊಮಿಶ್‌ನಲ್ಲಿ ಇದರ ತಿರುವುಮುರುವು ನಡೆಯಿತು. ಅಲ್ಲಿನ ಸಾಕಣೆಮನೆಯೊಂದರಲ್ಲಿ ನೂಬಿಯನ್ ಹೋತ ಸತ್ತುಹೋಗಿ, ಹಾಲಿಗೆ ಹೆಸರಾದ ಆ ತಳಿಯ ದೊಡ್ಡ ಮೇಕೆಗಳಿಗೆ ಕುಳ್ಳ ಪಿಗ್ಮಿ ಹೋತವನ್ನೇ ಬಿಡಬೇಕಾಯಿತು. 1986ರಲ್ಲಿ ಹುಟ್ಟಿದ ಆ ಮರಿಗಳಿಂದ ‘ಕಿಂಡರ್’ ತಳಿ ಬೆಳೆಯಿತು: ನಡುಗಾತ್ರ, ಹಾಲೂ ಉಂಟು, ಮಾಂಸವೂ ಉಂಟು.

ನಮ್ಮಲ್ಲಿ ಪಿಗ್ಮಿ ಹುಡುಕಬೇಕಿಲ್ಲ. ಉತ್ತರ ಪ್ರದೇಶದ ಬಾರ್ಬರಿ ಇದೆ. ಬೆಳೆದ ಹೆಣ್ಣು ಸುಮಾರು 23 ಕೆ.ಜಿ. ತೂಗುತ್ತದೆ, ಹಾಲು, ಮಾಂಸ ಎರಡಕ್ಕೂ ಆಗುತ್ತದೆ, ಕಟ್ಟಿ ಮೇಯಿಸಿದರೂ ಒಗ್ಗುತ್ತದೆ. ಮಾಂಸವೇ ಮುಖ್ಯವಾದರೆ ಮರಾಠವಾಡದ ಉಸ್ಮಾನಾಬಾದಿ ಹೋತ ಒಳ್ಳೆಯ ಆಯ್ಕೆ. ಅದು ಒಣಸೀಮೆಯಲ್ಲೇ ಬೆಳೆದ ತಳಿ, ಅವಳಿ ಮರಿಗೂ ಹೆಸರಾದದ್ದು. ಕೇರಳದ ಮಲಬಾರಿ ಹಾಲಿಗೆ ಚೆನ್ನ, ಆದರೆ ಕರಾವಳಿಯ ತೇವದಲ್ಲಿ ಬಾಳಿದ ಜೀವಕ್ಕೆ ಇದೇ ಜಿಲ್ಲೆಯ ಒಣಸೀಮೆ ಪಾವಗಡದ ಬೇಸಿಗೆ ಬೇರೆಯೇ ಪರೀಕ್ಷೆ.

ಬೇರೆ ಬೇರೆ ತಳಿಗಳ ತಂದೆತಾಯಿಗೆ ಹುಟ್ಟಿದ ಮೊದಲ ತಲೆಮಾರಿನಲ್ಲಿ ಬೆಳವಣಿಗೆಯ ಹುರುಪು ಹೆಚ್ಚು. ಆ ಮಿಶ್ರ ಮರಿಗಳನ್ನೇ ತಮ್ಮತಮ್ಮೊಳಗೆ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಹೆಚ್ಚುವರಿ ಹುರುಪು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮಂದೆಯಲ್ಲಿ ಒಂದೊಂದು ಮರಿ ಒಂದೊಂದು ಥರ ಆಗುತ್ತದೆ. ಆದ್ದರಿಂದ ಮಿಶ್ರತಳಿಯ ಗಂಡು ಮರಿಗಳನ್ನು ಮಾಂಸಕ್ಕೆ ಮಾರುವುದೇ ಸರಿ. ಹೋತದ ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲೇ ಆ ಹೋತವನ್ನು ಬದಲಿಸಬೇಕು.

ಮೇವಿನ ಲೆಕ್ಕವೂ ಇದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಈಗ ಸೌರ ವಿದ್ಯುತ್ ಪಾರ್ಕಿನ ಕೈಯಲ್ಲಿದೆ. ಅಲ್ಲಿ ಮೊದಲಿನಂತೆ ಮಂದೆ ಬಿಡಲಾಗದು. ಎಲ್ಲೆಡೆ ಬೇಸಿಗೆಯಲ್ಲಿ ಕುರುಚಲು ಒಣಗುತ್ತದೆ. ಕಡಲೆಕಾಯಿ ಹೊಟ್ಟು, ತೊಗರಿ ಹೊಟ್ಟು, ಬದುವಿನ ಅಗಸೆ ಸೊಪ್ಪು, ಜಾಲಿ ಕಾಯಿಗಳಲ್ಲಿ ಬದುಕುವ ನಾಟಿ ಮೇಕೆಯ ಗುಣಕ್ಕೆ ಬೆಲೆ ಕಟ್ಟಲಾಗದು. ದೊಡ್ಡ ಮೈ ದಿನವೂ ಹೆಚ್ಚು ಮೇವು ಕೇಳುತ್ತದೆ. ಅದನ್ನು ಕೊಡಲಾಗದಿದ್ದರೆ ತಳಿ ಬದಲಿಸಿದ ಲಾಭ ಕೈಗೆ ಹತ್ತದು.

ಚಿಕ್ಕಬಳ್ಳಾಪುರ, ಚಿತ್ರದುರ್ಗ, ತುಮಕೂರಿನ ಕಡೆಯ ನಾಟಿ ಮೇಕೆಯಾದ ನಂದಿದುರ್ಗವನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲಗಳ ಕೇಂದ್ರ ದೇಶದ ಅಧಿಕೃತ ತಳಿಯೆಂದು ನೋಂದಾಯಿಸಿದೆ. ಮಿಶ್ರತಳಿ ಮಾಡುವವರು ಒಳ್ಳೆಯ ನಾಟಿ ಮೇಕೆಗಳನ್ನು ಆರಿಸಿ, ಅವುಗಳಲ್ಲಿ ಒಂದಷ್ಟನ್ನು ನಾಟಿ ಹೋತಕ್ಕೇ ಬಿಡಲಿ. ಮುಂದಿನ ಬಾರಿ ಕೂಡಿಸಲು ತಾಯಿ ಮೇಕೆಗಳು ಸಿಗುವುದು ಆ ಗುಂಪಿನಿಂದಲೇ.